ಗುಂಡಿ ಡಬ್ಬಿಯಲ್ಲಿ ಬೆಲ್ಲ

ನಾನು ಹೊಳೆನರಸೀಪುರದಲ್ಲಿ ಬ್ಲೌಸ್ ಹೊಲಿಯುವವಳು. ಬೇರೆ ಅಂಗಡಿ ಇಲ್ಲ, ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತು. ಅಳತೆಗೆ ಅಂತ ಹಳೇ ಬ್ಲೌಸು ತಂದುಕೊಟ್ಟು, ಇದೇ ಅಳತೆ, ಆದರೆ ಸ್ವಲ್ಪ ಟೈಟು, ಆದರೆ ತೋಳು ಲೂಸು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗಾದರೆ ಇದನ್ನು ಯಾಕೆ ತಂದೆ ಎಂದು ಮುಖಕ್ಕೇ ಕೇಳಿಬಿಡುತ್ತೇನೆ. ಬೈಸಿಕೊಂಡೂ ಜನ ಬರುತ್ತಾರೆ, ನನ್ನ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಬಟ್ಟೆ ಕೈಗೆ ಸಿಕ್ಕಿದ ಮೇಲೆ ಯಾರೂ ಒಂದು ಗಳಿಗೆ ಕೂರುವುದಿಲ್ಲ. ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮಿಷಿನ್ ನಿಂತರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಮಕ್ಕಳಾಗಲಿಲ್ಲ. ಈ ಮಾತನ್ನು ಇಷ್ಟು ಚಿಕ್ಕದಾಗಿ ಹೇಳುವುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು.

ಆಗ ನಮ್ಮ ಮಹಡಿಗೆ ಒಂದು ಸಂಸಾರ ಬಂತು. ಹುಡುಗಿ ಅರಕಲಗೂಡಿನ ಆಚೆಯ ಹಳ್ಳಿಯವಳು, ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಂಡ ಶುಂಠಿ ಲೋಡಿನ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರಿಗೊಂದು ಹೆಣ್ಣು ಕೂಸು. ಅದಕ್ಕೆ ಆರು ತಿಂಗಳು ತುಂಬಿದಾಗ ಅವಳ ರಜೆ ಮುಗಿಯಿತು. ಊರಿನಲ್ಲಿ ಅವಳ ತಾಯಿಗೆ ಹೊಗೆಸೊಪ್ಪು ಬೇಯಿಸುವ ಕಾಲ, ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಬೆಂಕಿ ಬಿಟ್ಟು ಬರುವಂತಿರಲಿಲ್ಲ. ಕೂಸನ್ನು ಎತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ಅಕ್ಕ, ಬೆಳಿಗ್ಗೆ ಎಂಟು ಗಂಟೆ ಬಸ್ಸಿಗೋದ್ರೆ ಸಂಜೆ ಐದಕ್ಕೆಲ್ಲ ಬಂದ್ಬುಡ್ತೀನಿ. ಅಲ್ಲಿಗಂಟ ನೋಡ್ಕೋತೀರಾ?"

ನಾನು ತಕ್ಷಣ ಹೂಂ ಎನ್ನಲಿಲ್ಲ. ಹೊಲಿಯುವ ಕೆಲಸವಿದೆ, ಸೂಜಿ ಕತ್ತರಿ ಇರುವ ಜಾಗ, ಎಂದೆಲ್ಲ ಬಿಗುಮಾನ ಮಾಡಿದೆ. ಒಳಗೆ ಮಾತ್ರ ಅವಳು ಬೇರೆ ಯಾರನ್ನಾದರೂ ಕೇಳಿಬಿಟ್ಟರೆ ಎಂಬ ಹೆದರಿಕೆ.

ಅವಳು ಹಾಕಿದ್ದು ಒಂದೇ ಷರತ್ತು. "ರಾಗಿ ಸರಿಗೆ ಬೆಲ್ಲ ಸಕ್ಕರೆ ಏನೂ ಆಕ್ಬ್ಯಾಡಿ ಅಕ್ಕ. ಒಂದು ವರ್ಸ ತುಂಬಗಂಟ ಬ್ಯಾಡ. ಅಲ್ಲು ಬರೋಕ್ ಮುಂಚೆನೇ ಸಿಹಿ ಚಟ ಅತ್ತುಸ್ಕೊಂಡ ಮಕ್ಳನ್ನ ದಿನಾ ನೋಡ್ತೀನಿ."

ಕೂಸುಗಳ ಗಂಜಿಯಾದ ಈ ರಾಗಿ ಸರಿ ಮಾಡುವುದು ನನಗೆ ಗೊತ್ತಿತ್ತು. ನಾದಿನಿಯರ ಮಕ್ಕಳಿಗೆಲ್ಲ ನಾನೇ ಮಾಡಿಕೊಟ್ಟವಳು. ರಾಗಿಯನ್ನು ಏಳೆಂಟು ನೀರಿನಲ್ಲಿ ತೊಳೆದು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಎರಡನೇ ದಿನಕ್ಕೆ ಬಿಳಿಯ ಮೊಳಕೆ ಕಾಣುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು ಬೀಸಿಸಬೇಕು. ಮಿಲ್ಲಿನಲ್ಲಿ ನಮಗಿಂತ ಮುಂಚೆ ಏನು ಬೀಸಿದರು ಎನ್ನುವುದು ಮುಖ್ಯ. ಮೆಣಸಿನಪುಡಿ ಬೀಸಿದ ಕಲ್ಲಿಗೆ ಕೂಸಿನ ರಾಗಿ ಸುರಿಯಲು ಬಂದ ಮಿಲ್ಲಿನವನ ಜೊತೆ ನಾನು ಜಗಳವಾಡಿ, ಅವನ ಸ್ವಂತ ಮನೆಯ ಅಕ್ಕಿಯನ್ನು ಮೊದಲು ಬೀಸಿಸಿ, ಆಮೇಲೆ ನನ್ನದನ್ನು ಹಾಕಿಸಿದೆ.

ಕೊನೆಯ ಕೆಲಸ ಹಿಟ್ಟನ್ನು ಬಟ್ಟೆಯಲ್ಲಿ ಸೋಸುವುದು. ಜರಡಿ ಸಾಲದು, ಹೊಟ್ಟು ಉಳಿಯುತ್ತದೆ. ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಹಿಟ್ಟು ಹಾಕಿ, ಅಂಗೈಯಲ್ಲಿ ಮೆಲ್ಲಗೆ ಉಜ್ಜುತ್ತಾ ಹೋಗಬೇಕು. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ತೆಳು ಮಲ್ ಬಟ್ಟೆ ತನ್ನ ಗಂಜಿಯನ್ನು ಹಿಟ್ಟಿಗೆ ಬಿಡುತ್ತದೆ, ಬ್ಲೌಸಿನ ಲೈನಿಂಗ್ ಬಟ್ಟೆ ಹಿಟ್ಟನ್ನು ಕೆಳಗಿಳಿಸುವುದಿಲ್ಲ. ಇದಕ್ಕೆ ಆಗಿಬರುವುದು ವರ್ಷಗಟ್ಟಲೆ ಉಟ್ಟು ಒಗೆದು ಸವೆದ ಬಿಳೀ ಪಂಚೆ ಒಂದೇ. ಬೀರುವಿನಲ್ಲಿ ನನ್ನ ಗಂಡನ ಪಂಚೆ ಒಂದು ಉಳಿದಿತ್ತು. ಉಳಿದವನ್ನೆಲ್ಲ ಕೊಟ್ಟಿದ್ದೆ, ಅದನ್ನು ಮಾತ್ರ ಯಾಕೋ ಇಟ್ಟುಕೊಂಡಿದ್ದೆ. ತೆಗೆದು ನೀರಿನಲ್ಲಿ ಕುದಿಸಿ, ಒಣಗಿಸಿ, ಪಾತ್ರೆಗೆ ಕಟ್ಟಿದೆ. ಕೆಳಗೆ ಬಿದ್ದ ಹಿಟ್ಟು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿತ್ತು.

ಒಂದು ಚಮಚ ಹಿಟ್ಟು, ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಸ್ವಲ್ಪ ಹೊತ್ತಿಗೆ ಬಣ್ಣ ಗಾಢವಾಗಿ ಹೊಳಪು ಬರುತ್ತದೆ. ನಾಲ್ಕು ಹನಿ ತುಪ್ಪ. ಮುಗಿಯಿತು.

ಮೊದಲ ದಿನ ಕೂಸು ಅದನ್ನು ತೂ ಎಂದು ನನ್ನ ಸೀರೆಗೆ ಉಗುಳಿತು. ಎರಡನೇ ದಿನವೂ ಅಷ್ಟೆ. ಮೂರನೇ ದಿನ ಬಾಯಿಯನ್ನೇ ತೆರೆಯದೆ, ಅಮ್ಮ ಹೋದ ಬಾಗಿಲು ನೋಡಿಕೊಂಡು ಅತ್ತಿತು. ಇದು ನನ್ನ ಹತ್ತಿರ ನಿಲ್ಲುವುದಿಲ್ಲ, ನಾಳೆ ಇವಳು ಬೇರೆ ಏರ್ಪಾಡು ಮಾಡಿಕೊಳ್ಳುತ್ತಾಳೆ ಎನಿಸಿತು. ನಾಲ್ಕನೇ ದಿನ ನಾನು ಕಡಲೆಕಾಳಿನಷ್ಟು ಬೆಲ್ಲ ಹಾಕಿದೆ.

ಕೂಸು ಚೀಪಿತು. ಕಣ್ಣು ಅಗಲ ಮಾಡಿ ನನ್ನನ್ನು ನೋಡಿತು. ಎರಡೂ ಕೈ ಚಾಚಿ ಚಮಚ ಹಿಡಿದುಕೊಂಡಿತು. ನನ್ನನ್ನು ಅಷ್ಟು ಆಸೆಯಿಂದ ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣೀರು ಬಂದುಬಿಟ್ಟಿತು. ಇನ್ನೆರಡು ದಿನ ಹಾಕಿ ನಿಲ್ಲಿಸಿಬಿಡೋಣ ಎಂದುಕೊಂಡೆ. ನಿಲ್ಲಿಸಲಿಲ್ಲ.

ಬೆಲ್ಲವನ್ನು ಅಡುಗೆಮನೆಯಲ್ಲಿ ಇಡುವ ಧೈರ್ಯ ಬರಲಿಲ್ಲ. ಅವಳು ಸಂಜೆ ಬಂದವಳು ನೇರ ಒಳಗೆ ಬಂದು ಕೂಸಿನ ಬಟ್ಟಲು ತಾನೇ ತೊಳೆಯುತ್ತಿದ್ದಳು. ಅದಕ್ಕೆ ಮಿಷಿನ್ ಪಕ್ಕದ ಗುಂಡಿ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ, ಪೊಟ್ಟಣ ಕಟ್ಟಿ ಇಟ್ಟೆ. ಒಂದು ವಾರಕ್ಕೇ ಇರುವೆ ಹತ್ತಿದವು. ಗಿರಾಕಿಯೊಬ್ಬಳು, "ಏನಕ್ಕ, ನಿಮ್ ಗುಂಡಿಗೂ ಇರುವೆ ಮುತ್ತದಲ್ಲ" ಎಂದು ನಕ್ಕಳು. ನಾನು ಅವಳ ತೋಳಿನ ಅಳತೆ ಸರಿಯಿಲ್ಲ ಎಂದು ಬೈದು ಮಾತು ತಪ್ಪಿಸಿದೆ. ಆಮೇಲೆ ಗುಂಡಿಗೂ ಪೊಟ್ಟಣಕ್ಕೂ ಬೇರೆ ಡಬ್ಬಿ ತಂದೆ, ಬಿಗಿ ಮುಚ್ಚಳದ್ದು. ಬುದ್ಧಿ ಬಂದದ್ದು ಅಷ್ಟು ಮಾತ್ರ.

ಮೂರು ತಿಂಗಳು ಹೀಗೆ ನಡೆಯಿತು. ಬೆಳಿಗ್ಗೆ ಅವಳ ಸೊಂಟದಿಂದ ಕೂಸು ತಾನೇ ನನ್ನ ಕಡೆ ಬಗ್ಗುತ್ತಿತ್ತು. ಭಾನುವಾರ ಅವಳು ನನ್ನ ಹತ್ತಿರವೇ ಸರಿಹಿಟ್ಟು ತೆಗೆದುಕೊಂಡು ಹೋಗಿ ತಾನು ಮಾಡುತ್ತಿದ್ದಳು. ಮೇಲಿಂದ ಕೂಸು ಕಿರುಚುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಸರಿ ಮೆತ್ತಿದ ಸೀರೆಯಲ್ಲೇ ಇಳಿದು ಬರುತ್ತಿದ್ದಳು.

"ಅದೇ ಹಿಟ್ಟು, ನೀವ್ ಯೋಳ್ದಂಗೇ ತಿರುವ್ದೆ. ನನ್ ಕೈಲಿ ಉಣ್ಣಕ್ಕಿಲ್ಲ ಅಂತದೆ ಕಣಕ್ಕ. ನೀವೇ ಒಂದೀಟು ಕೊಡಿ."

ನಾನು ಬಟ್ಟಲು ತೆಗೆದುಕೊಂಡು, ಬಿಸಿ ಮಾಡುತ್ತೇನೆ ಎಂದು ಒಳಗೆ ಹೋಗಿ, ಬೆಲ್ಲ ಕದಡಿ ತರುತ್ತಿದ್ದೆ. ಕೂಸು ಬಟ್ಟಲು ಬರಿದು ಮಾಡುತ್ತಿತ್ತು. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಆಗ ನನಗೆ ಖುಷಿಯಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ಖುಷಿಯೇ.

ಆಮೇಲೆ ಅವಳಿಗೆ ಚನ್ನರಾಯಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವಳ ನಾದಿನಿಯ ಮನೆ ಇತ್ತು, ಕೂಸಿಗೆ ದಿಕ್ಕಾಗುತ್ತದೆ. ಹಾಸನದ ಕೆಲಸ ಬಿಟ್ಟು ಹೊಸದಕ್ಕೆ ಸೇರುವ ನಡುವೆ ಹತ್ತು ದಿನ ಮನೆಯಲ್ಲಿದ್ದಳು. ಇನ್ನು ಮೇಲೆ ತಾನೇ ಉಣ್ಣಿಸಿ ರೂಢಿ ಮಾಡಬೇಕು ಎಂದು ಕೂಸನ್ನು ಕೆಳಗೆ ಬಿಡುವುದನ್ನು ನಿಲ್ಲಿಸಿದಳು. ಮೊದಲ ದಿನ ಕೂಸು ಎರಡು ಚಮಚ ತಿಂದು ಉಗುಳಿತಂತೆ. ಎರಡನೇ ದಿನ ಅದೂ ಇಲ್ಲ. ಎದೆಹಾಲು ಮೊದಲೇ ಕಡಿಮೆಯಾಗಿತ್ತು. ಮೂರನೇ ದಿನ ಮಧ್ಯಾಹ್ನ ಅವಳು ಇಳಿದು ಬಂದು ನನ್ನ ಕಟಿಂಗ್ ಟೇಬಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಕೂಸು ಭುಜದ ಮೇಲೆ ಜೋತುಬಿದ್ದಿತ್ತು.

"ಕೆಲ್ಸಕ್ಕೆ ಬರಕ್ಕಾಗಕಿಲ್ಲ ಅಂತ ಫೋನ್ ಮಾಡ್ಬುಡ್ತೀನಿ ಅಕ್ಕ. ಎತ್ತ ತಾಯಿ ಕೈಲೇ ಉಣ್ಣಲ್ಲ, ಇನ್ನ ನಾದ್ನಿ ಕೈಲಿ ಉಣ್ತದಾ? ನನ್ ಕೈನಾಗೇ ಏನೋ ಐತೆ. ಊರೋರ್ ಮಕ್ಳಿಗೆಲ್ಲ ಔಷ್ದಿ ಕುಡುಸ್ತೀನಿ, ನನ್ ಕೂಸಿಗೆ ಒಂದ್ ಚಮ್ಚ ಕುಡ್ಸಕ್ ಬರ್ನಿಲ್ಲ."

ಅವಳು ಕೆಲಸ ಬಿಟ್ಟರೆ ಚನ್ನರಾಯಪಟ್ಟಣಕ್ಕೆ ಹೋಗುವುದೂ ನಿಲ್ಲುತ್ತದೆ. ಕೂಸು ಇಲ್ಲೇ, ನನ್ನ ತಲೆಯ ಮೇಲಿನ ಮಹಡಿಯಲ್ಲೇ ಉಳಿಯುತ್ತದೆ. ಇದು ನನ್ನ ತಲೆಗೆ ಬಂತು, ಬರಲಿಲ್ಲ ಎಂದು ಹೇಳಲಾರೆ. ಬಾಯಿಮುಚ್ಚಿಕೊಂಡು ಇದ್ದಿದ್ದರೆ ಸಾಕಿತ್ತು. ಅವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅಲ್ಲಿ ನಿಜವಾಗಿಯೂ ಏನೋ ಅಂಟಿಕೊಂಡಿದೆ ಎನ್ನುವ ಹಾಗೆ. ಅದನ್ನು ನೋಡಲಾಗಲಿಲ್ಲ. ಡಬ್ಬಿ ತೆಗೆದು ಅವಳ ಮುಂದಿಟ್ಟೆ.

"ನಿನ್ ಕೈಯಲ್ಲೇನೂ ಇಲ್ಲ ಕಣವ್ವ. ನಾನು ಬೆಲ್ಲ ಆಕ್ತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಮುಚ್ಚಳ ತೆಗೆದು ಗುಂಡಿಗಳನ್ನು ಸರಿಸಿ ಪೊಟ್ಟಣ ತೋರಿಸಿದೆ.

"ಯಾವಾಗ್ನಿಂದ?"

"ನೀನು ಕೆಲ್ಸಕ್ಕೋದ ವಾರದಿಂದ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳ ನನಗೆ ಬರುವ ವಿದ್ಯೆ. ಅವಳು ಡಬ್ಬಿಯ ಮುಚ್ಚಳ ಮುಚ್ಚಿ ನನ್ನ ಕಡೆ ತಳ್ಳಿದಳು. ಆಮೇಲೆ ತುಂಬಾ ಮೆತ್ತಗೆ ಹೇಳಿದಳು.

"ಮೂರ್ ತಿಂಗ್ಳಿಂದ ನನ್ ಕೂಸಿಗೆ ನಾನು ಬ್ಯಾಡ ಅನ್ಕೊಂಡಿದ್ನಲ್ಲ ಅಕ್ಕ. ನೀವು ಪಕ್ಕದಾಗೇ ಕೂತಿದ್ರಿ."

ಎದ್ದು ಬಾಗಿಲ ತನಕ ಹೋದವಳು ತಿರುಗಿ, "ಅಭ್ಯಾಸ ಮಾಡ್ಸಿದ್ದು ನೀವು. ನೀವೇ ಬುಡ್ಸಿ. ಈಗ್ಲೇ ಮಾಡಿ, ಬೆಲ್ಲ ಇಲ್ದಂಗೆ" ಎಂದು ಅಲ್ಲೇ ಕೂತಳು.

ಮಾಡಿದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಅದು ಮೂರು ದಿನದ ಹಸಿವಿನಲ್ಲಿ ನನ್ನನ್ನು ಕಂಡು ಕಾಲು ಬಡಿಯಿತು, ಬಾಯಿ ದೊಡ್ಡದಾಗಿ ತೆರೆಯಿತು. ಒಂದು ಚಮಚ ಇಟ್ಟೆ. ಬಾಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿತು. ಇನ್ನೇನೋ ಬರಬೇಕು ಎಂದು ಕಾಯುತ್ತಿತ್ತು. ಬರಲಿಲ್ಲ. ಮುಖ ಕಿವುಚಿ ಉಗುಳಿತು. ಎರಡನೆಯದಕ್ಕೆ ನನ್ನ ಕೈ ತಳ್ಳಿತು. ಮೂರನೆಯದಕ್ಕೆ ನನ್ನ ಎದೆಯ ಮೇಲೆ ಕೈಯೂರಿ ಹಿಂದಕ್ಕೆ ಬಾಗಿ, ಅಮ್ಮನ ಕಡೆ ತಿರುಗಿ ಅಳತೊಡಗಿತು. ಮೂರು ತಿಂಗಳಲ್ಲಿ ಅದು ನನ್ನಿಂದ ಬಿಡಿಸಿಕೊಂಡು ಅತ್ತದ್ದು ಅದೇ ಮೊದಲು.

ಅವಳು ಬಂದು ಎತ್ತಿಕೊಂಡಳು. ಅಳು ನಿಲ್ಲುವ ತನಕ ಓಡಾಡಿ, ಅದೇ ಬಟ್ಟಲು ಅದೇ ಚಮಚ ತೆಗೆದುಕೊಂಡು ತುಟಿಗೆ ಹಚ್ಚಿದಳು. ಕೂಸು ನೆಕ್ಕಿತು. ಮತ್ತೆ ಹಚ್ಚಿದಳು. ಒಟ್ಟು ಮೂರು ಚಮಚ ಹೋಯಿತು. ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ, ಚಮಚ ಬಿಟ್ಟರೆ ಎಲ್ಲಿ ತಪ್ಪಿಹೋಗುತ್ತದೋ ಎಂದು. ನಾನು ಸೀರೆ ಒರೆಸಿಕೊಳ್ಳುತ್ತಾ ಮೂಲೆಯಲ್ಲಿ ನಿಂತಿದ್ದೆ.

ಅವರು ಚನ್ನರಾಯಪಟ್ಟಣಕ್ಕೆ ಹೊರಡುವ ಹೊತ್ತಿಗೆ ಕೂಸು ಅರ್ಧ ಬಟ್ಟಲು ತಿನ್ನುತ್ತಿತ್ತು. ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಹೊರಡುವ ಹಿಂದಿನ ದಿನ ಬಂದು, ಹಿಟ್ಟು ಸೋಸಲು ಯಾವ ಬಟ್ಟೆ ಕಟ್ಟಬೇಕು ಎಂದು ಕೇಳಿದಳು. ಪಂಚೆಯನ್ನು ತೆಗೆದು ಅರ್ಧ ಮಾಡಿಕೊಟ್ಟೆ. ಕತ್ತರಿ ಬೇಕಾಗಲಿಲ್ಲ, ಅಷ್ಟು ಸವೆದಿತ್ತು, ಕೈಯಲ್ಲಿ ಎಳೆದರೆ ಹರಿಯಿತು. ಅದು ಯಾರದು ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಹಡಿ ಖಾಲಿಯಾದ ಮೇಲೆ ಡಬ್ಬದಲ್ಲಿ ಉಳಿದಿದ್ದ ಹಿಟ್ಟನ್ನು ದಿನಾ ಬೆಳಿಗ್ಗೆ ನನಗೇ ಸರಿ ಮಾಡಿಕೊಂಡು ತಿಂದೆ. ಬೆಲ್ಲ ಹಾಕಲಿಲ್ಲ. ಮೊಳಕೆ ಬರಿಸಿದ ರಾಗಿಗೆ ತನ್ನದೇ ಒಂದು ತೆಳು ಸಿಹಿ ಇರುತ್ತದೆ, ನಾಲ್ಕೈದು ದಿನ ತಿಂದ ಮೇಲೆ ಗೊತ್ತಾಗುತ್ತದೆ. ಕೂಸಿಗೆ ನಾನು ಆ ನಾಲ್ಕೈದು ದಿನ ಕೊಡಲೇ ಇಲ್ಲ.

ಮೂರು ತಿಂಗಳ ಮೇಲೆ ಫೋನ್ ಬಂತು. "ಮಗೀಗೆ ವರ್ಸ ತುಂಬ್ತದೆ, ಬನ್ನಿ ಅಕ್ಕ" ಎಂದಳು. ಫೋನಿಟ್ಟು ಮಿಷಿನ್ ಮುಂದೆ ಕೂತೆ. ಕೂಸಿಗೆ ಒಂದು ಲಂಗ ಹೊಲಿದೆ. ಸಂತೆಯಿಂದ ಒಳ್ಳೆಯ ಅಚ್ಚುಬೆಲ್ಲ ಆರಿಸಿ ತಂದು ಬ್ಯಾಗಿಗೆ ಹಾಕಿಕೊಂಡೆ. ವರ್ಷ ತುಂಬಿತಲ್ಲ, ಇನ್ನು ಯಾರೂ ಬೇಡ ಎನ್ನುವ ಹಾಗಿರಲಿಲ್ಲ. ಬೆಳಗಿನ ಬಸ್ಸಿಗೆ ಹೊರಟೆ.

ಕೂಸು ಗೋಡೆ ಹಿಡಿದು ನಿಲ್ಲುತ್ತಿತ್ತು. ನನ್ನನ್ನು ನೋಡಿ ಅಮ್ಮನ ಸೀರೆಯ ಹಿಂದೆ ಹೋಯಿತು. ಗುರುತು ಹತ್ತಲಿಲ್ಲ. ಅವಳು ಸರಿಯ ಬಟ್ಟಲು ತಂದಳು, ಮೊದಲಿನ ಬಟ್ಟಲೇ. ತಾನು ಎರಡು ಚಮಚ ಕೊಟ್ಟು, ಆಮೇಲೆ ಚಮಚವನ್ನು ನನ್ನ ಕಡೆ ಚಾಚಿದಳು.

"ನೀವ್ ತಿನ್ನುಸ್ರಕ್ಕ. ಬೆಲ್ಲ ಏನೂ ಆಕಿಲ್ಲ, ಅಂಗೇ ಐತೆ."

ಬ್ಯಾಗು ನನ್ನ ಕಾಲ ಹತ್ತಿರವೇ ಇತ್ತು. ಅದರ ಜಿಪ್ಪಿನ ಮೇಲೆ ಇಟ್ಟಿದ್ದ ಕೈ ತೆಗೆದು ಚಮಚ ತೆಗೆದುಕೊಂಡೆ. ಕೂಸು ಅಮ್ಮನ ಮುಖ ನೋಡಿತು. ಅವಳು ತಲೆಯಾಡಿಸಿದಳು. ಅವಳಿಂದ ಕಣ್ಣು ತೆಗೆಯದೆ ಅದು ನನಗೆ ಬಾಯಿ ತೆರೆಯಿತು. ಬಟ್ಟಲು ಮುಗಿಯುವ ತನಕ ಹಾಗೇ, ಒಂದು ಸಲವೂ ನನ್ನ ಕಡೆ ನೋಡದೆ ತಿಂದಿತು.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೆಲ್ಲ ಬ್ಯಾಗಿನಲ್ಲೇ ಇತ್ತು. ಮನೆಗೆ ಬಂದು ಅದನ್ನು ಅಡುಗೆಮನೆಯಲ್ಲಿ, ಎದುರಿಗೇ ಕಾಣುವ ಡಬ್ಬದಲ್ಲಿ ಇಟ್ಟೆ.