ಸ್ವಂತ ಕಾರಣ

"ಟ್ರಂಕ್ ಮೆಲ್ಲಗೆ ಇಳಸಪ್ಪಾ!" ಅಂತ ನಾನು ಕೂಗೋದ್ರೊಳಗೆ ಕ್ಲೀನರ್ ಅದನ್ನ ಬಸ್ಸಿನ ಟಾಪಿಂದ ಕೆಳಗೆ ಬಿಟ್ಟೇಬಿಟ್ಟ. ಶಿಕಾರಿಪುರ ಬಸ್ ಸ್ಟ್ಯಾಂಡಲ್ಲಿದ್ದೋರೆಲ್ಲ ತಿರುಗಿದ್ರು. ಕರೀ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ಟ್ರೇನಿಂಗ್ ನಂಬರು. ಟೀ ಅಂಗಡಿ ಬಸಣ್ಣ, "ಏನ್ ಪೊಲೀಸಪ್ಪಾ, ಮೂರೇ ತಿಂಗಳಿಗೆ ರಜೆ ಕೊಟ್ರಾ?" ಅಂದ.

"ಬಿಟ್ಟು ಬಂದೆ."

"ಬಿಸಿಲಿಗೆ ಹೆದರಿದ್ಯಾ?" ಅಂತ ನಕ್ಕ.

ನಿಮಗೂ ಹಂಗೇ ಅನ್ನಿಸಿದ್ರೆ ಕೇಳ್ರಿ. ನಾನು ಕುರಿ ಕಾದೋನು, ಬಿಸಿಲು ನನಗೆ ಹೊಸದಲ್ಲ. ಸೇರಿಸ್ಕೊಳ್ಳುವಾಗ ಎತ್ತರ ಅಳೆದ್ರು, ಎದೆ ಅಳೆದ್ರು, ಓಡಿಸಿದ್ರು. ಎಲ್ಲಾದ್ರಲ್ಲೂ ಪಾಸು.

ಕುರಿ ಹೊಡೆಯೋನು ಮಂದೆ ಹಿಂದೆ ನಡೀತಾನೆ. ಕುಂಟೋದು, ಕೂತ್ಬಿಡೋದು ಎಲ್ಲ ಹಿಂದೇನೇ ಅಲ್ವಾ. ಬೆಳಗಿನ ಓಟದಲ್ಲೂ ನನ್ನ ಕಾಲು ತಾನಾಗೇ ಹಿಂದಕ್ಕೆ ನಿಲ್ತಿತ್ತು. ಒಂದಿನ ನನ್ನ ಪಕ್ಕದ ಹಾಸಿಗೆಯೋನು, ಸೊರಬದ ಕಡೆ ಉಳವಿಯ ಶೇಖರ, ಜ್ವರದಲ್ಲೇ ಓಡಿ ಬಿದ್ದ. ಹೆಗಲ ಮೇಲೆ ಹಾಕ್ಕೊಂಡು ಬಂದೆ. ಕವಾಯತು ಕಲಿಸೋ ಉಸ್ತಾದ್ ಕೆಂಡ ಆದ. "ಲೇ, ಇದೇನು ಕುರಿ ಹಟ್ಟಿನಾ? ಬಿದ್ದೋನ್ನ ಬಿಟ್ಟು ಓಡ್ಬೇಕು!"

"ಸಾರ್, ಅವನಿಗೆ ಜ್ವರ ಐತ್ರಿ."

"ಎದುರು ಮಾತಾ? ಇಬ್ರೂ ರೈಫಲ್ ತಲೆ ಮೇಲೆತ್ತಿ ಹತ್ತು ಸುತ್ತು!"

ಮೂರನೇ ಸುತ್ತಿಗೆ ಶೇಖರ ಮತ್ತೆ ಬಿದ್ದ. ನಾನು ರೈಫಲ್ ಕೆಳಗಿಟ್ಟು ಅವನ ಹತ್ರ ಕೂತೆ. ಅಷ್ಟೇ ನಾನು ಮಾಡಿದ್ದು. ಶೇಖರನ ಅಣ್ಣ ಬಂದು ಅವನನ್ನ ಊರಿಗೆ ಕರ್ಕೊಂಡು ಹೋದ. ನಾನೂ ಬಿಡ್ತೀನಿ ಅಂದೆ.

ಆಫೀಸಲ್ಲಿ ಗುಮಾಸ್ತ, ಬಿಡೋ ಕಾರಣ ಬರಿ ಅಂತ ಕಾಗದ ಕೊಟ್ಟ. ನಡೆದಿದ್ದು ನಡೆದಂಗೇ ಬರೆದೆ. ಓದಿ ಹರಿದು ಹಾಕಿದ. "ಸ್ವಂತ ಕಾರಣ ಅಂತ ಬರಿ. ಇಲ್ಲಾಂದ್ರೆ ಮಾರ್ಕ್ಸ್ ಕಾರ್ಡ್ ವಾಪಸ್ ಸಿಗಲ್ಲ." ಮೂರು ಸಲ ಕೂತು ಪಾಸಾದ ಎಸ್ಸೆಸ್ಸೆಲ್ಸಿ ಅದು. ಬರೆದ್ಬಿಟ್ಟೆ. ಅವನು ಅದನ್ನ ಸೇರಿಸಿದ ಫೈಲಿನ ತುಂಬ ಅಂಥವೇ ಕಾಗದ, ಕಣ್ಣಾರೆ ನೋಡೀನಿ. ಹುಡುಗರು ಯಾಕೆ ನಿಲ್ತಿಲ್ಲ ಅಂತ ದೊಡ್ಡೋರು ಕೇಳಿದ್ರೆ ಅದನ್ನೇ ತೋರಿಸ್ತಾರೆ. ಎಲ್ಲರಿಗೂ ಒಂದೇ ಸ್ವಂತ ಕಾರಣ ಹೆಂಗಿರತ್ತೆ ಅಂತ ಯಾವನೂ ಕೇಳಲ್ಲ. ಸಿಟ್ಟು ಅವರ ಮೇಲೆ ಎಷ್ಟೋ, ಬರೆದ ಈ ಕೈ ಮೇಲೂ ಅಷ್ಟೇ.

ಟ್ರಂಕಲ್ಲಿ ಅವ್ವ ಕಂಬಳಿ ಇಟ್ಟಿದ್ಲು. ನಂಬರಿನ ಮೇಲೆ ಬಣ್ಣ ಬಳಿ ಅಂತಿದ್ಲು. ಬಳೀಲಿಲ್ಲ. ಮೊನ್ನೆ ಬಸಣ್ಣನ ತಮ್ಮ ಬಂದಿದ್ದ, ಪೊಲೀಸಿಗೆ ಆಯ್ಕೆ ಆಗ್ಯಾನಂತೆ, ಟ್ರಂಕ್ ಬೇಕಂತೆ. ಕಂಬಳಿ ಹೊರಗೆ ತೆಗೆದು ಟ್ರಂಕ್ ಕೊಟ್ಟೆ. "ಮುಚ್ಚಳದ ಒಳಗೆ ಕಾಗದ ಅಂಟಿಸೀನಿ. ಅವರು ಹರಿದಿದ್ದನ್ನ ಮತ್ತೆ ಬರೆದಿದ್ದು. ಓದ್ಕೊಂಡು ಹೋಗು" ಅಂದೆ.

ಇನ್ನೇನೂ ಇಲ್ಲ ಹೇಳೋಕೆ.