ಕಿವಿಯೆತ್ತರಕ್ಕೆ ಪುಟಿಯುವ ಚೆಂಡು

ಡೆಲ್ಫಿನ್ ಮೂವತ್ತು ವರ್ಷದಿಂದ ನನ್ನ ಅಂಗಡಿಯ ಬಾಚೊಯ್ ಸಾರು ಕುಡಿಯುತ್ತಿದ್ದಾನೆ. ಕೂತು ಕುಡಿದದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಜೀಪ್ನಿ ಬಸ್ಸುಗಳ ರಿಪೇರಿ ಮಾಡುವವನು, ಐದಡಿ ಒಂದಿಂಚಿನ ಆಳು, ಕಾಲಿಗೆ ಚಕ್ರ. ಬಟ್ಟಲು ಹಿಡಿದುಕೊಂಡೇ ಎದುರಿನ ಟೆನಿಸ್ ಅಂಗಳಕ್ಕೆ ಹೋಗಿ ಗೆರೆ ನೋಡಿ ಬರುತ್ತಾನೆ. ಇಲೊಯಿಲೊ ಪಟ್ಟಣದ ಪಕ್ಕದ ನಮ್ಮೂರಿನ ಆ ಅಂಗಳ ಕಡಲಚಿಪ್ಪಿನ ಪುಡಿಯದು. ಬೆಳಗಾದರೆ ಅದಕ್ಕೆ ನೀರು ಚಿಮುಕಿಸಿ ರೋಲರ್ ಎಳೆಯುವವನೂ ಅವನೇ. ಯಾರೂ ಹೇಳಿದ್ದಲ್ಲ.

ಡಬಲ್ಸ್‌ನಲ್ಲಿ ಅವನು ಎಡಗಡೆ, ಮೀನುದೋಣಿಯ ಎಲ್ಪಿಡಿಯೊ ಬಲಗಡೆ. ಇಪ್ಪತ್ತೆರಡು ವರ್ಷದ ಜೋಡಿ. ಈಚೆಗೆ ಪಕ್ಕದೂರಿನ ಹೆಡ್‌ಮಾಸ್ತರ್ ವಿಕ್ಟೊರಿನೊ, ತೆಂಗಿನಮರದಂಥ ಮನುಷ್ಯ, ಒಂದು ಹಾಳು ಸರ್ವ್ ಕಲಿತುಬಿಟ್ಟ. ಚೆಂಡು ನೆಲಕ್ಕೆ ಬಿದ್ದು ಡೆಲ್ಫಿನ್‌ನ ಎಡಗಿವಿಯ ಎತ್ತರಕ್ಕೆ ಪುಟಿಯುತ್ತದೆ. ಇವನು ಹಿಂದೆ ಹಿಂದೆ ಸರಿದು ಬೇಲಿಗೆ ಬೆನ್ನು ತಾಗಿಸಿ, ನೊಣ ಓಡಿಸುವವನಂತೆ ರ‍್ಯಾಕೆಟ್ ಬೀಸುತ್ತಾನೆ. ಮೂರು ಪಂದ್ಯ ಹೀಗೇ ಹೋದವು.

ಇನ್ನುಳಿದದ್ದು ವಾರ್ಷಿಕ ಪಂದ್ಯ, ಜೋಡಿಯ ವಯಸ್ಸು ಸೇರಿ ನೂರಹತ್ತು ದಾಟಿದವರದು. ಅದಕ್ಕೆ ವಾರ ಮುಂಚೆ ಎಲ್ಪಿಡಿಯೊ ನನ್ನ ಬೆಂಚಿನ ಮೇಲೆ ಕೂತು ನೇರವಾಗಿ ಹೇಳಿದ.

“ನೋಡೋ, ಇದೂ ನಿನ್ನ ಕಡೆಯಿಂದ ಹೋದ್ರೆ ಮುಂದಿನ ತಿಂಗಳಿಂದ ನಾನು ರೋಕೆ ಜೊತೆ ಆಡ್ತೀನಿ. ಅವನು ಆರಡಿ ಇದ್ದಾನೆ.”

“ಆಡು,” ಅಂದ ಡೆಲ್ಫಿನ್. ಅವತ್ತು ಸಾರು ಅರ್ಧಕ್ಕೇ ಬಿಟ್ಟ. ಸೌಟಿನಿಂದ ಎಲ್ಪಿಡಿಯೊನ ತಲೆಗೆ ಮೊಟಕಬೇಕೆನ್ನಿಸಿತು ನನಗೆ.

ಮರುದಿನದಿಂದ ಡೆಲ್ಫಿನ್‌ನ ಹೆಂಡತಿ ಪಸಿತಾ ಜೀಪ್ನಿಯ ಮೇಲೆ ಹತ್ತಿ ನಿಂತು ಚೆಂಡು ಎಸೆಯುವುದು, ಇವನು ಕೆಳಗೆ ಹೊಡೆಯುವುದು.

“ಹಿಂದಕ್ಕೆ ಯಾಕೆ ಓಡ್ತೀಯ ಮಾರಾಯ? ಮುಂದೆ ಬಾ, ಅದು ಏಳೋಕೆ ಮುಂಚೆನೇ ಹೊಡಿ!”

“ನೀನು ಎಸಿ, ಪಾಠ ಬೇಡ.”

“ಮೇಲಿಂದ ನನಗೆ ಕಾಣತ್ತೆ, ನಿನಗೆ ಕಾಣಲ್ಲ.”

ಅಷ್ಟರಲ್ಲಿ ಪಕ್ಕದೂರಿನವರು ನನ್ನ ಅಂಗಡಿಯಲ್ಲೇ ಕೂತು ಮಾತು ಹಬ್ಬಿಸಿದರು. “ನೋಡ್ತಿರು ಅಕ್ಕಾ, ನೀರು ಹಾಕೋನು ಅವನೇ ತಾನೆ? ಎಡಗಡೆ ನೆನೆಸಿಟ್ಟು ಚೆಂಡು ಏಳದ ಹಾಗೆ ಮಾಡ್ತಾನೆ.”

ಇದು ಕಿವಿಗೆ ಬಿದ್ದು ಡೆಲ್ಫಿನ್‌ಗೆ ಮೈ ಉರಿದುಹೋಯಿತು. ಪಂದ್ಯದ ಬೆಳಗ್ಗೆ ಎಡಗಡೆಗೆ ಒಂದು ಹನಿ ನೀರೂ ಹಾಕಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಅದೇ ಜಾಗದ ಮೇಲೆ ರೋಲರ್ ಎಳೆದ, ಎಳೆದ, ಎಳೆಯುತ್ತಲೇ ಇದ್ದ. ನೆಲ ಸಿಮೆಂಟಿನಂತಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುವುದು ಇದಕ್ಕೇ. ವಿಕ್ಟೊರಿನೊನ ಮೊದಲ ಸರ್ವ್ ಕಿವಿಯ ಹತ್ತಿರವಲ್ಲ, ನೆತ್ತಿಯ ಮೇಲೆ ಹೋಯಿತು.

ಎಂಟು ಗೇಮ್ ಮೊದಲು ಗೆದ್ದವರದೇ ಪಂದ್ಯ. ಎಲ್ಪಿಡಿಯೊನ ಪುಣ್ಯದಿಂದ ಏಳು-ಏಳಕ್ಕೆ ಬಂತು. ಕೊನೆಯ ಗೇಮಿನಲ್ಲಿ ನಮ್ಮವರಿಗೆ ಬೇಕಾದದ್ದು ಒಂದೇ ಅಂಕ. ಸರ್ವ್ ವಿಕ್ಟೊರಿನೊನದು, ಎದುರಿಸಬೇಕಾದವನು ಡೆಲ್ಫಿನ್.

“ಬೇಲಿ ಹತ್ರ ಹೋಗು! ಸುಮ್ನೆ ಎತ್ತಿ ಹಾಕು!” ಎಲ್ಪಿಡಿಯೊ ಕೂಗಿದ.

ಡೆಲ್ಫಿನ್ ಒಮ್ಮೆ ಪಸಿತಾಳ ಕಡೆ ನೋಡಿದ. ಎರಡು ಹೆಜ್ಜೆ ಮುಂದೆ ಬಂದು ಗೆರೆಯೊಳಗೆ ನಿಂತ. ಬೆಂಚಿನ ಮೇಲಿಂದ ನೋಡುತ್ತಿದ್ದವರು ನಕ್ಕರು. ಚೆಂಡು ಬಿತ್ತು. ಅದು ಪೂರ್ತಿ ಮೇಲೇಳುವ ಮೊದಲೇ ಎದೆಮಟ್ಟದಲ್ಲಿ ತಡೆದು ನೇರ ವಿಕ್ಟೊರಿನೊನ ಪಾದಕ್ಕೆ ಕಳಿಸಿದ. ಆತ ತಡವರಿಸಿ ಎತ್ತಿದ ಚೆಂಡು ನಿಧಾನಕ್ಕೆ ಎಲ್ಪಿಡಿಯೊನ ತಲೆಯ ಮೇಲೆ ತೇಲಿಬಂತು. ಕೂಸೂ ಹೊಡೆಯಬಹುದಾದ ಚೆಂಡು. ಎಲ್ಪಿಡಿಯೊ ಅದನ್ನು ನೆಟ್ಟಿಗೆ ಹೊಡೆದ. ಗಾಬರಿಯಲ್ಲಿ ಆಮೇಲಿನ ಎರಡು ಚೆಂಡನ್ನೂ ಅವನೇ ಹೊರಗೆ ಹೊಡೆದು ಪಂದ್ಯ ಕಳೆದ.

ಸ್ವಲ್ಪ ಹೊತ್ತಿಗೆ ಎಲ್ಪಿಡಿಯೊ ಬಟ್ಟಲು ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ. ಸಾರು ತಣ್ಣಗಾಗಿತ್ತು. ಡೆಲ್ಫಿನ್ ಬಂದು ಬೆಂಚಿನ ಮೇಲೆ ಕೂತ. ಹೌದು, ಕೂತ. ನಾನು ಕೊಟ್ಟ ಸಾರನ್ನು ಊದಿ ಊದಿ ಕುಡಿಯತೊಡಗಿದ.

“ಲೋ, ರೋಕೆಗೆ ಬೇಡ ಅಂದ್ಬಿಟ್ಟೆ ಕಣೋ,” ಅಂದ ಎಲ್ಪಿಡಿಯೊ. ಇನ್ನೊಂದು ಸುತ್ತು ಹೋಗಿ ಬಂದ. “ಮುಂದಿನ ತಿಂಗಳು ನನ್ನ ಜೊತೆ ಆಡ್ತೀಯೇನೋ?”

ಡೆಲ್ಫಿನ್ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟ.

“ಮೊದ್ಲು ಕೂತ್ಕೋ,” ಅಂದ.