ರಬ್ಬರ್ ಇಲ್ಲದ ಮೇಜು

ಇಲೊಯ್ಲೊ ಪಟ್ಟಣದ ಬೇಕರಿಯಲ್ಲಿ ಮೊದಲ ಬುಟ್ಟಿ ಪಾಂಡೆಸಾಲ್ ಬ್ರೆಡ್ಡು ಒಲೆಯಿಂದ ಇಳಿಯುವ ಹೊತ್ತಿಗೆ ಮಹಡಿಯ ಮೇಲಿನ ಕಚೇರಿಯಲ್ಲಿ ದೀಪ ಹತ್ತಿರುತ್ತದೆ. ಐವತ್ತನಾಲ್ಕರ ಮೆರ್ಲಿಂಡಾ ಪಕ್ಲಿಬಾರ್ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಎದುರಿನ ದ್ವೀಪಕ್ಕೆ ಮೊದಲ ದೋಣಿ ಹೊರಡುವುದು ಐದೂವರೆಗೆ. ಅಷ್ಟರೊಳಗೆ ಪ್ರಯಾಣಿಕರ ಪಟ್ಟಿ ಬರೆಯುವ ತಂತ್ರಾಂಶ ಸರಿಯಿದೆಯೇ ಎಂದು ಅವರು ನೋಡಬೇಕು.

ಅದಕ್ಕೆಂದೇ ಅವರು ಮೂವರು ಸುಳ್ಳು ಪ್ರಯಾಣಿಕರನ್ನು ಸಾಕಿದ್ದಾರೆ: ಒಬ್ಬಳು ಅಜ್ಜಿ, ಹುಂಜ ಹಿಡಿದ ಒಬ್ಬ ಗಂಡಸು, ಕೂಸನ್ನೆತ್ತಿಕೊಂಡ ಒಬ್ಬ ತಾಯಿ. ದಿನವೂ ಇವರನ್ನು ಸುಳ್ಳು ದೋಣಿಗೆ ಹತ್ತಿಸಿದಾಗ ಕೂಸೂ ಸೇರಿ ಎಣಿಕೆ ನಾಲ್ಕು ಬರಬೇಕು. ಇವತ್ತು ಮೂರು ಬಂದಿದೆ. ಕೂಸು ಕಾಣುತ್ತಿಲ್ಲ.

ಗಡಿಯಾರದಲ್ಲಿ ಐದು ದಾಟಿ ಹತ್ತು ನಿಮಿಷ. ಮೆರ್ಲಿಂಡಾ ಗಾಬರಿಯಾಗುವುದಿಲ್ಲ, ಗಿಟ್‌ನ ದಾಖಲೆ ತೆರೆಯುತ್ತಾರೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ಸಾಲಾಗಿ ಉಳಿದಿರುತ್ತದೆ. ಒಂದೊಂದು ಸಾಲೂ ಒಂದು ಕಮಿಟ್. ನಿನ್ನೆ ಸಂಜೆಯದು ಕ್ರಿಸೆಲ್ಡಾಳದು. ಕೆಲಸಕ್ಕೆ ಸೇರಿ ಮೂರು ವಾರವಾದ ಹುಡುಗಿ ಮೂರು ದಿನದ ಕೆಲಸವನ್ನೆಲ್ಲ ಒಂದೇ ಗಂಟು ಕಟ್ಟಿ, ನೇರವಾಗಿ ಮುಖ್ಯ ಎಳೆಗೆ, ಅಂದರೆ ದಿನವೂ ಓಡುವ ತಂತ್ರಾಂಶಕ್ಕೇ, ಸೇರಿಸಿ ಮನೆಗೆ ಹೋಗಿದ್ದಾಳೆ. ಟಿಪ್ಪಣಿಯಲ್ಲಿ ಇರುವುದು ಒಂದೇ ಮಾತು: ‘ಸರಿಮಾಡಿದೆ.’

ಅಷ್ಟರಲ್ಲಿ ಅವಳೇ ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾಳೆ.

“ಏನನ್ನ ಸರಿಮಾಡಿದೆ ಇಂದೈ, ನಿನ್ನ ಕೂದಲನ್ನಾ?” ಎನ್ನುತ್ತಾರೆ ಮೆರ್ಲಿಂಡಾ. ಇಲ್ಲಿ ಕಿರಿಯ ಹೆಣ್ಣುಮಗಳನ್ನು ಕರೆಯುವುದು ಹಾಗೆ. ಅಕ್ಕನಂಥವರು ಮನಂಗ್.

ಟಿಕೆಟ್ ಅಚ್ಚಾಗುವುದನ್ನು ಚುರುಕು ಮಾಡಿದೆ, ಅದರ ಜೊತೆಗೆ ಟಿಕೆಟ್ ಇಲ್ಲದವರನ್ನು ಪಟ್ಟಿಯಿಂದ ತೆಗೆದೆ ಎನ್ನುತ್ತಾಳೆ ಕ್ರಿಸೆಲ್ಡಾ. ಕಂಕುಳ ಕೂಸಿಗೆ ಟಿಕೆಟ್ ಇರುವುದಿಲ್ಲವೆಂಬುದು ಹೊಳೆಯುತ್ತಲೇ ಅವಳ ದನಿ ಇಳಿಯುತ್ತದೆ. ಒಳ್ಳೆಯದೂ ತಪ್ಪೂ ಒಂದೇ ಗಂಟಿನಲ್ಲಿವೆ. ಬಿಡಿಸುತ್ತ ಕೂರಲು ಹೊತ್ತಿಲ್ಲ. ಮೆರ್ಲಿಂಡಾ ಇಡೀ ಗಂಟನ್ನೇ ಹಿಂತೆಗೆಯುತ್ತಾರೆ. ಮತ್ತೆ ಎಣಿಸಿದರೆ ನಾಲ್ಕು.

“ಮೂರು ದಿನದ ಕೆಲಸ, ಮನಂಗ್,” ಎಂದು ಹುಡುಗಿ ಕಣ್ಣು ತುಂಬಿಕೊಳ್ಳುತ್ತಾಳೆ.

“ಎಲ್ಲೂ ಹೋಗಿಲ್ಲ ಕಣೇ. ಅದರ ಮೇಲೊಂದು ಗೆರೆ ಎಳೆದಿದೀನಿ, ಅಷ್ಟೇ. ಕೆಳಗಿರೋದು ಇನ್ನೂ ಓದೋಕೆ ಬರುತ್ತೆ, ನೋಡು.”

ಈ ಮಾತಿನ ಹಿಂದೆ ಒಂದು ಹಳೆಯ ಸಂಜೆಯಿದೆ. ಕಂಪ್ಯೂಟರ್ ಬರುವ ಮೊದಲು ಹತ್ತೊಂಬತ್ತು ವರ್ಷ ದೋಣಿಕಟ್ಟೆಯಲ್ಲಿ ಪೆನ್ಸಿಲ್ಲಿನಿಂದ ಪಟ್ಟಿ ಬರೆದವರು ಮೆರ್ಲಿಂಡಾ. ಯಾರಾದರೂ ದೋಣಿ ಬದಲಿಸಿದರೆ ರಬ್ಬರಿನಿಂದ ಹೆಸರು ಉಜ್ಜಿ, ಇನ್ನೊಂದು ಹಾಳೆಯಲ್ಲಿ ಬರೆಯುತ್ತಿದ್ದರು. ಒಮ್ಮೆ ಒಂದು ದೋಣಿ ಎಂಜಿನ್ ನಿಂತು ಅಲೆಗಳಲ್ಲಿ ತೇಲಿಹೋಯಿತು. ಅವರ ತಮ್ಮ ಆ ದೋಣಿಗೆ ಹತ್ತಿ, ಇಳಿದು, ಮತ್ತೆ ಹತ್ತಿದ್ದ. ಇಳಿದಾಗ ಉಜ್ಜಿದ್ದ ಹೆಸರು ಹಾಳೆಗೆ ಮತ್ತೆ ಬಂದಿರಲಿಲ್ಲ. ಸಂಜೆಯವರೆಗೂ ಅವರಮ್ಮ ದಡದಲ್ಲಿ ನಿಂತು, ಅವನು ಯಾವುದರಲ್ಲಿದ್ದಾನೆ ಎಂದು ಮಗಳನ್ನೇ ಕೇಳುತ್ತಿದ್ದರು. ತಮ್ಮ ಬದುಕಿ ಬಂದ.

“ಪುಟ ಚೊಕ್ಕವಾಗಿತ್ತು. ಅದೇ ತಪ್ಪು,” ಎನ್ನುತ್ತಾರೆ.

ಆಮೇಲೆ ಅವರ ಮೇಜಿನ ಮೇಲೆ ರಬ್ಬರ್ ಬಂದಿಲ್ಲ. ಎಂಟು ವರ್ಷದ ಹಿಂದೆ, ಪಟ್ಟಿ ಹೇಗಿರಬೇಕೆಂದು ವಿವರಿಸಲು ಈ ಕಚೇರಿಗೆ ಬಂದವರು ಇಲ್ಲೇ ಉಳಿದರು, ಗಿಟ್ ಕಲಿತರು. ಈಗ ದಿನಕ್ಕೆ ಇಪ್ಪತ್ತೆರಡು ದೋಣಿ, ತಂತ್ರಾಂಶ ಬರೆಯುವವರು ಏಳು ಮಂದಿ, ಅವರು ಕಳಿಸುವ ಮೂವತ್ತು ನಲವತ್ತು ಕಮಿಟ್. ಒಂದನ್ನೂ ಓದದೆ ಬಿಡುವುದಿಲ್ಲ. ಬಾಗಿಲ ಫಲಕದಲ್ಲಿ ಆ ಏಳು ಹೆಸರುಗಳಿವೆ, ಇವರದಿಲ್ಲ.

ಐದೂವರೆಗೆ ಕಟ್ಟೆಯಿಂದ ಫೋನು ಬರುತ್ತದೆ. ನಲವತ್ತಮೂರು ಜನ, ಎರಡು ಕೂಸು ಸೇರಿ. ದೋಣಿ ಹೊರಟಿತು. ಆಗ ಮೆರ್ಲಿಂಡಾ ಮೊದಲ ತುಂಡು ಬ್ರೆಡ್ಡನ್ನು ಕಾಫಿಗೆ ಅದ್ದುತ್ತಾರೆ.

ಮಧ್ಯಾಹ್ನ ಕ್ರಿಸೆಲ್ಡಾ ತನ್ನದೇ ಬ್ರಾಂಚ್ ತೆರೆದು ಗಂಟು ಬಿಚ್ಚುತ್ತಾಳೆ. ಮುಖ್ಯ ಎಳೆಗೆ ಧಕ್ಕೆಯಾಗದಂತೆ ಪಕ್ಕದಲ್ಲಿ ಕೆಲಸ ಮಾಡುವ ಜಾಗ ಅದು. ಪರೀಕ್ಷಿಸಿದ ಮೇಲೆ ಸೇರಿಸಬಹುದು. ಒಂದು ಗಂಟು ನಾಲ್ಕು ಕಮಿಟ್ ಆಗುತ್ತದೆ, ಒಂದೊಂದರಲ್ಲೂ ಒಂದೇ ಬದಲಾವಣೆ. ಕೊನೆಯದರ ಟಿಪ್ಪಣಿಯನ್ನು ಮೆರ್ಲಿಂಡಾ ಎರಡು ಸಲ ಓದುತ್ತಾರೆ: ‘ಕೂಸನ್ನು ಎಣಿಸುತ್ತದೆಯೇ ಎಂಬ ಪರೀಕ್ಷೆಯನ್ನೂ ತಂತ್ರಾಂಶಕ್ಕೆ ಸೇರಿಸಿದೆ. ಟಿಕೆಟ್ ಇಲ್ಲದಿದ್ದರೂ ಅದು ದೋಣಿಯಲ್ಲಿದೆ.’ ಉಳಿದ ಬ್ರೆಡ್ಡನ್ನು ಹುಡುಗಿಯ ಕಡೆ ಸರಿಸುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಕಿಟಕಿಯಾಚೆ ನೋಡುತ್ತಾರೆ. ತಮ್ಮನ ಮನೆ ಎದುರಿನ ದ್ವೀಪದಲ್ಲೇ ಇದೆ.

“ಎಂಟು ವರ್ಷದಿಂದ ಮೊದಲ ದೋಣಿ ಹತ್ತಿಲ್ಲ, ಆ ಹೊತ್ತಿಗೆ ಇಲ್ಲಿರ್ತೀನಲ್ಲ. ಒಂದಿನ ಅದರಲ್ಲೇ ಹೋಗ್ಬೇಕು. ಅವತ್ತು ನನ್ನ ಎಣಿಸೋದು ಕ್ರಿಸೆಲ್ಡಾನೇ ಆಗಿರ್ಬೇಕು.”